ಕಾಫಿ ತೋಟದಲ್ಲಿ ಉಳಿದುಹೋದ ಒಂದು ಕಬ್ಬು: ಪ್ರಾಜೆಕ್ಟಿನ ಮೆಥಡಾಲಜಿ ಅಧ್ಯಾಯ ಬರೆಯುವುದು ಹೇಗೆ?

ಅಕ್ಕನ ಮಗಳು ಚಿಕ್ಕಮಗಳೂರಿನಲ್ಲಿ ಎಂ.ಎ. ಓದುತ್ತಿದ್ದಾಳೆ. ಕೊನೆಯ ಸೆಮಿಸ್ಟರ್. ಪ್ರಾಜೆಕ್ಟ್ ಕೊಡಲು ಮೂರು ವಾರ ಬಾಕಿ. ಮೊನ್ನೆ ರಾತ್ರಿ ವಾಟ್ಸಾಪ್‌ನಲ್ಲಿ ಒಂದು ಫೈಲ್ ಬಂತು, ಜೊತೆಗೊಂದು ಮೆಸೇಜು: "ಮಾವ, ಮೂರನೇ ಚಾಪ್ಟರ್ ಎರಡೇ ಗಂಟೇಲಿ ಮುಗಿಸಿಬಿಟ್ಟೆ. ಸ್ವಲ್ಪ ನೋಡಿ."

ನೋಡಿದೆ. ಮೆಥಡಾಲಜಿ ಅಧ್ಯಾಯ, ಹನ್ನೊಂದು ಪುಟ. ಮೊದಲ ನಾಲ್ಕು ಪುಟ 'ಸಂಶೋಧನೆ ಎಂದರೇನು'. ಆಮೇಲೆ 'ಪ್ರಶ್ನಾವಳಿ ಎಂದರೇನು', 'ಸಂದರ್ಶನ ಎಂದರೇನು'. ಏಳನೇ ಪುಟದಲ್ಲಿ ಕಣ್ಣು ನಿಂತಿತು. 'ಸದರಿ ಅಧ್ಯಯನಕ್ಕಾಗಿ ಆಯ್ದುಕೊಂಡ ಕಬ್ಬು ಬೆಳೆಗಾರರು' ಅಂತ ಇದೆ! ಅವಳ ವಿಷಯ ಮೂಡಿಗೆರೆ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರರು ಕೂಲಿಯಾಳುಗಳ ಕೊರತೆಯನ್ನು ಹೇಗೆ ನಿಭಾಯಿಸುತ್ತಿದ್ದಾರೆ ಅನ್ನುವುದು. ಯಾರೋ ಸೀನಿಯರ್ ಮಾಡಿದ್ದ ಪ್ರಾಜೆಕ್ಟ್ ತೆಗೆದುಕೊಂಡು, ಕಬ್ಬು ಇದ್ದಲ್ಲೆಲ್ಲ ಕಾಫಿ ಹಾಕಿದ್ದಾಳೆ. ಒಂದು ಕಬ್ಬು ಮಾತ್ರ ತಪ್ಪಿಸಿಕೊಂಡಿದೆ.

ಬೈಯಲಿಲ್ಲ. ನಾನು ಕೆಲವು ವರ್ಷ ವಿದ್ಯಾರ್ಥಿಗಳ ಪ್ರಾಜೆಕ್ಟ್ ತಿದ್ದಿದ್ದೇನೆ. ಜೆರಾಕ್ಸ್ ಅಂಗಡಿಯಲ್ಲಿ ಬೈಂಡಿಂಗಿಗೆ ಕಾಯುತ್ತಾ ಕೂತ ಹತ್ತು ಪ್ರಾಜೆಕ್ಟ್ ತೆಗೆದು ನೋಡಿದರೆ, ಎಂಟರಲ್ಲಿ ಈ ಅಧ್ಯಾಯ ಒಂದೇ ಥರ ಇರುತ್ತದೆ. ಮಕ್ಕಳು ಸೋಮಾರಿಗಳು ಅಂತಲ್ಲ. ಈ ಅಧ್ಯಾಯ ಇರುವುದು ಯಾಕೆ ಅಂತ ಅವರಿಗೆ ಯಾರೂ ಕೂರಿಸಿಕೊಂಡು ಹೇಳಿರುವುದಿಲ್ಲ. ಅದನ್ನೇ ಇಲ್ಲಿ ಹೇಳಲು ನೋಡುತ್ತೇನೆ. ಉದಾಹರಣೆಗೆ ಅವಳ ವಿಷಯವನ್ನೇ ಇಟ್ಟುಕೊಳ್ಳೋಣ. ಅಂಕಿಗಳು ಮಾತ್ರ ಲೆಕ್ಕ ಸುಲಭವಾಗಲಿ ಅಂತ ನಾನೇ ಹಾಕಿಕೊಂಡವು.

ಯಾವ ಚೀಲದಿಂದ ತೆಗೆದಿರಿ?

ಕಾಫಿ ಮಾರಿದವರಿಗೆ ಔಟ್‌ಟರ್ನ್ ಗೊತ್ತು. ಒಣಗಿದ ಚೆರಿಯನ್ನು, ಅಂದರೆ ಕಾಫಿ ಹಣ್ಣನ್ನು, ಸಿಪ್ಪೆ ತೆಗೆದರೆ ಎಷ್ಟು ಬೀಜ ಸಿಗುತ್ತದೆ ಅನ್ನುವ ಲೆಕ್ಕ ಅದು. ಬೆಲೆ ನಿಲ್ಲುವುದು ಅದರ ಮೇಲೆ. ವ್ಯಾಪಾರಿ ಒಂದು ಹಿಡಿ ಚೆರಿ ತೆಗೆದು, ತೂಗಿ, ಬೀಜ ಬಿಡಿಸಿ, ಮತ್ತೆ ತೂಗಿ 'ನಿಮ್ಮದು ಇಷ್ಟೇ ಬರುತ್ತೆ' ಅನ್ನುತ್ತಾನೆ. ಬೆಳೆಗಾರ ಸುಮ್ನೆ ಒಪ್ಪುತ್ತಾನಾ? ಯಾವ ಚೀಲದಿಂದ ತೆಗೆದಿರಿ? ಮೇಲಿಂದಲೋ ನಡುವಿಂದಲೋ? ಎಷ್ಟು ಗ್ರಾಂ ತೂಗಿದಿರಿ? ಯಾರ ತಕ್ಕಡಿ? ತೇವ ಎಷ್ಟಿತ್ತು? ಇಷ್ಟೂ ಕೇಳುತ್ತಾನೆ.

ಅವನು ಕೇಳಿದ್ದೆಲ್ಲ ಮೆಥಡಾಲಜಿಯ ಪ್ರಶ್ನೆಗಳೇ. ಪ್ರಾಜೆಕ್ಟಿನ ಕೊನೆಯಲ್ಲಿ ನೀವು 'ಶೇ. 40ರಷ್ಟು ಬೆಳೆಗಾರರು ಮನೆಯವರನ್ನೇ ಕೊಯ್ಲಿಗೆ ಇಳಿಸಿದ್ದಾರೆ' ಅಂತ ಬರೆಯುತ್ತೀರಿ. ಓದಿದವರು ಕೇಳುತ್ತಾರೆ: ಯಾರನ್ನು ಕೇಳಿದಿರಿ? ಎಷ್ಟು ಜನರನ್ನು? ಅವರನ್ನೇ ಯಾಕೆ? ಯಾವಾಗ? ಹೇಗೆ ಕೇಳಿದಿರಿ? ಉತ್ತರಗಳನ್ನು ಏನು ಮಾಡಿದಿರಿ? ಈ ಅಧ್ಯಾಯ ಅವುಗಳಿಗೆ ಮೊದಲೇ ಕೊಡುವ ಉತ್ತರ. ನಾಳೆ ಬೇರೆ ಯಾರಾದರೂ ನಿಮ್ಮ ಪ್ರಾಜೆಕ್ಟ್ ಹಿಡಿದುಕೊಂಡು ಸಕಲೇಶಪುರದಲ್ಲಿ ಅದೇ ಕೆಲಸ ಮಾಡಬೇಕು ಅಂದರೆ, ನಿಮಗೆ ಫೋನ್ ಮಾಡದೆ ಮಾಡುವಂತಿರಬೇಕು.

ಹೆಸರಿನ ಬಗ್ಗೆ ಒಂದು ಮಾತು. 'ವಿಧಾನ' ಅಂದರೆ ನೀವು ಮಾಡಿದ್ದು. ಅದನ್ನೇ ಯಾಕೆ ಮಾಡಿದಿರಿ ಅನ್ನುವ ಕಾರಣವೂ ಸೇರಿದರೆ 'ವಿಧಾನಶಾಸ್ತ್ರ', ಅಂದರೆ ಮೆಥಡಾಲಜಿ. ಮನೆಮನೆಗೆ ಹೋಗಿ ಕೇಳಿದೆ ಅನ್ನುವುದು ವಿಧಾನ. ಮೊಬೈಲ್ ಫಾರ್ಮ್ ಕಳಿಸದೆ ಮನೆಮನೆಗೇ ಯಾಕೆ ಹೋದೆ ಅನ್ನುವುದು ಮೆಥಡಾಲಜಿ. ವಿದ್ಯಾರ್ಥಿಗಳು ಹೆಚ್ಚಾಗಿ ಬಿಟ್ಟುಬಿಡುವುದು ಈ ಎರಡನೆಯದನ್ನೇ.

ಮೊದಲು ಪ್ರಶ್ನೆ, ಆಮೇಲೆ ವಿಧಾನ

'ಎಷ್ಟು ಜನ', 'ಎಷ್ಟು ಸಲ', 'ಯಾವುದು ಜಾಸ್ತಿ' ಅನ್ನುವ ಪ್ರಶ್ನೆಗೆ ಎಣಿಕೆ ಬೇಕು. ಅದು ಪರಿಮಾಣಾತ್ಮಕ ಅಧ್ಯಯನ. 'ಯಾಕೆ', 'ಹೇಗೆ ಅನ್ನಿಸಿತು', 'ಹೇಗೆ ತೀರ್ಮಾನ ಮಾಡಿದಿರಿ' ಅನ್ನುವುದಕ್ಕೆ ಕೂತು ಮಾತಾಡಬೇಕು. ಅದು ಗುಣಾತ್ಮಕ. ಎಷ್ಟು ಜನ ಕಾಫಿ ಗಿಡ ಕಿತ್ತು ಅಡಿಕೆ ಹಾಕಿದ್ದಾರೆ ಅನ್ನುವುದನ್ನು ಎಣಿಸಬಹುದು. ಅಪ್ಪ ನೆಟ್ಟ ಗಿಡ ಕೀಳುವಾಗ ಮಗನ ಲೆಕ್ಕಾಚಾರ ಏನಿತ್ತು ಅನ್ನುವುದು ಎಣಿಕೆಗೆ ಸಿಗುವುದಿಲ್ಲ. ಎರಡೂ ಬೇಕಾದರೆ ಎರಡನ್ನೂ ಮಾಡಬಹುದು, ಆದರೆ ಯಾವ ಪ್ರಶ್ನೆಗೆ ಯಾವುದು ಅಂತ ಅಧ್ಯಾಯದಲ್ಲಿ ಹೇಳಬೇಕು. 'ಈ ಅಧ್ಯಯನ ವಿವರಣಾತ್ಮಕವೂ ವಿಶ್ಲೇಷಣಾತ್ಮಕವೂ ಆಗಿದೆ' ಅಂತ ಒಂದು ಸಾಲು ಬರೆದು ಮುಂದೆ ಹೋದರೆ ಏನೂ ಹೇಳಿದಂತಾಗುವುದಿಲ್ಲ.

'ಸಣ್ಣ' ಅಂದರೆ ಎಷ್ಟು ಸಣ್ಣ?

ಇಲ್ಲಿ ಸ್ವಲ್ಪ ನಿಲ್ಲಬೇಕು. 'ಸಣ್ಣ ಬೆಳೆಗಾರ' ಅಂದರೆ ಯಾರು? ಅಕ್ಕನ ಮಗಳನ್ನು ಕೇಳಿದೆ. "ಅದೇ ಮಾವ, ಜಾಸ್ತಿ ತೋಟ ಇಲ್ಲದೋರು" ಅಂದಳು.

ಕಾಫಿ ಮಂಡಳಿಯ ಲೆಕ್ಕದಲ್ಲಿ 10 ಹೆಕ್ಟೇರ್‌ವರೆಗೆ, ಅಂದರೆ ಹತ್ತಿರ ಹತ್ತಿರ 25 ಎಕರೆವರೆಗೆ ತೋಟ ಇರುವವರು ಸಣ್ಣ ಬೆಳೆಗಾರರು. ದೇಶದ ಕೃಷಿ ಗಣತಿಯ ಲೆಕ್ಕ ಬೇರೆ. ಅಲ್ಲಿ 1 ಹೆಕ್ಟೇರ್‌ಗಿಂತ ಕಡಿಮೆ ಇದ್ದವರು ಅತಿ ಸಣ್ಣ ರೈತರು, 1ರಿಂದ 2 ಹೆಕ್ಟೇರ್ ಇದ್ದವರು ಸಣ್ಣ ರೈತರು. ಇಪ್ಪತ್ತು ಎಕರೆ ತೋಟದ ಮಾಲೀಕ ಒಂದು ಲೆಕ್ಕದಲ್ಲಿ ಸಣ್ಣವನು, ಇನ್ನೊಂದರಲ್ಲಿ ಅಲ್ಲವೇ ಅಲ್ಲ. ನೀವು ಯಾವುದನ್ನು ಹಿಡಿದಿರಿ ಅಂತ ಬರೆಯದಿದ್ದರೆ ನಿಮ್ಮ ಶೇಕಡಾವಾರು ಯಾರದು ಅಂತಲೇ ಗೊತ್ತಾಗುವುದಿಲ್ಲ.

'ಕೂಲಿಯಾಳುಗಳ ಕೊರತೆ' ಅನ್ನುವುದಕ್ಕೂ ಹೀಗೇ ಅಳತೆ ಬೇಕು. ಕೊರತೆ ಇದೆಯಾ ಅಂತ ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. 'ಕಳೆದ ಕೊಯ್ಲಿನಲ್ಲಿ ಆಳು ಸಿಗದೆ ಹಣ್ಣು ಗಿಡದಲ್ಲೇ ಒಣಗಿದ ದಿನಗಳಿದ್ದವಾ, ಇದ್ದರೆ ಎಷ್ಟು' ಅಂತ ಕೇಳಿದರೆ ಅದು ಅಳತೆ. ಹೀಗೆ ಪದಕ್ಕೆ ಅಳತೆಗೋಲು ಕಟ್ಟುವುದನ್ನು ಕಾರ್ಯಾತ್ಮಕ ವ್ಯಾಖ್ಯೆ ಅನ್ನುತ್ತಾರೆ. 'ಸಂಶೋಧನೆ ಎಂದರೇನು' ಅನ್ನುವ ನಾಲ್ಕು ಪುಟ ತೆಗೆದು ಆ ಜಾಗದಲ್ಲಿ ಇಂಥ ಅರ್ಧ ಪುಟ ಹಾಕಿದರೆ ಸಾಕು.

ಒಂದು ಅಗುಳು ಸಾಕಾ?

ಅನ್ನ ಬೆಂದಿದೆಯಾ ಅಂತ ನೋಡಲು ಇಡೀ ಪಾತ್ರೆ ಹಿಸುಕಬೇಕಿಲ್ಲ, ಒಂದು ಅಗುಳು ಸಾಕು. ಸ್ಯಾಂಪಲ್ ಅಂದರೆ ಅದೇ. ಕನ್ನಡದಲ್ಲಿ ಮಾದರಿ ಅನ್ನುತ್ತಾರೆ. ನೀವು ಯಾರ ಬಗ್ಗೆ ಹೇಳಲು ಹೊರಟಿದ್ದೀರೋ ಅವರೆಲ್ಲರೂ ಸೇರಿದರೆ ಸಮಷ್ಟಿ, ಅಂದರೆ ಪಾತ್ರೆಯ ಅನ್ನ. ಅದರಲ್ಲಿ ನೀವು ಕೇಳಿದವರು ಅಗುಳು.

ಆದರೆ ಗಾದೆ ನಿಲ್ಲುವುದು ಅನ್ನಕ್ಕೆ. ಬಿಸಿಬೇಳೆ ಬಾತ್‌ಗೆ ನಿಲ್ಲುವುದಿಲ್ಲ. ಅಗುಳು ಹಿಸುಕಿ ನೋಡಿದರೆ ಬೇಳೆ ಬೆಂದಿದೆಯೋ, ಬೀನ್ಸ್ ಬೆಂದಿದೆಯೋ ತಿಳಿಯುವುದಿಲ್ಲ. ಚಿಕ್ಕಮಗಳೂರು ಜಿಲ್ಲೆ ಅಂಥದ್ದೇ. ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಮಲೆನಾಡು. ಕಡೂರು ಕಡೆ ಹೋದರೆ ಬಯಲುಸೀಮೆ, ತೆಂಗು, ಕೆರೆ ನೀರಿನ ಚಿಂತೆ. ಮೂಡಿಗೆರೆಯ ಅರವತ್ತು ಜನರನ್ನು ಮಾತಾಡಿಸಿ 'ಚಿಕ್ಕಮಗಳೂರು ಜಿಲ್ಲೆಯ ರೈತರು' ಅಂತ ಶೀರ್ಷಿಕೆ ಇಟ್ಟರೆ ಕಡೂರಿನವರು ನಗುತ್ತಾರೆ. ಪಾತ್ರೆಯಲ್ಲಿ ಬೇರೆ ಬೇರೆ ಥರದವರು ಇದ್ದಾಗ ಒಂದೊಂದು ಥರದಿಂದಲೂ ಬೇರೆಬೇರೆಯಾಗಿ ತೆಗೆಯಬೇಕು. ಇದು ಸ್ತರೀಕೃತ ಮಾದರಿ. ನಿಮ್ಮ ಪಟ್ಟಿಯಲ್ಲಿ 1,200 ಬೆಳೆಗಾರರು ಇದ್ದಾರೆ ಅಂದುಕೊಳ್ಳಿ. 5 ಎಕರೆಗಿಂತ ಕಡಿಮೆ ಇರುವವರು 900, ಅದಕ್ಕಿಂತ ಜಾಸ್ತಿ ಇರುವವರು 300. ನೀವು 60 ಜನರನ್ನು ಕೇಳುವುದಾದರೆ 45 ಜನ ಮೊದಲ ಗುಂಪಿನಿಂದ, 15 ಜನ ಎರಡನೇ ಗುಂಪಿನಿಂದ ಬರಬೇಕು.

ಇನ್ನು 'ಯಾದೃಚ್ಛಿಕ' ಅನ್ನುವ ಪದ. ಪ್ರಾಜೆಕ್ಟುಗಳಲ್ಲಿ ಇಷ್ಟು ಪೆಟ್ಟು ತಿಂದ ಪದ ಇನ್ನೊಂದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಸಿಕ್ಕವರನ್ನು ಕೇಳಿ 'ಯಾದೃಚ್ಛಿಕ ಮಾದರಿ' ಅಂತ ಬರೆಯುತ್ತಾರೆ. ಅದು ಹಾಗಲ್ಲ. ಯಾದೃಚ್ಛಿಕ ಅಂದರೆ ಚೀಟಿ ಎತ್ತಿದ ಹಾಗೆ. 1,200 ಹೆಸರೂ ಡಬ್ಬಿಯಲ್ಲಿ ಇರಬೇಕು, ಪ್ರತಿ ಹೆಸರಿಗೂ ಬರುವ ಅವಕಾಶ ಸಮನಾಗಿರಬೇಕು. ಬಸ್ ಸ್ಟ್ಯಾಂಡಿಗೆ ಬಾರದವರ ಚೀಟಿ ಡಬ್ಬಿಯಲ್ಲೇ ಇಲ್ಲವಲ್ಲ! ಸಿಕ್ಕವರನ್ನು ಕೇಳಿದರೆ ಅದು ಅನುಕೂಲದ ಮಾದರಿ. ಒಬ್ಬರು ಇನ್ನೊಬ್ಬರ ಮನೆ ತೋರಿಸಿ, ಅವರು ಮತ್ತೊಬ್ಬರ ಹೆಸರು ಹೇಳಿ ಹೀಗೆ ಬೆಳೆದರೆ ಹಿಮದುಂಡೆ ಮಾದರಿ. ಇವೆರಡೂ ತಪ್ಪಲ್ಲ. ಮಾಡಿದ್ದು ಒಂದು, ಬರೆದಿದ್ದು ಇನ್ನೊಂದು ಆದರೆ ಮಾತ್ರ ತಪ್ಪು.

ಚೀಟಿ ಎತ್ತಲು ಮೊದಲು ಪಟ್ಟಿ ಬೇಕು. ಪಟ್ಟಿ ಎಲ್ಲಿಂದ ಬಂತು ಅಂತ ಬರೆಯಿರಿ. ಪಂಚಾಯಿತಿಯದೋ, ಬೆಳೆಗಾರರ ಸಂಘದ್ದೋ, ಪಹಣಿ ನೋಡಿ ಮಾಡಿಕೊಂಡಿದ್ದೋ. ಪಹಣಿಯಾದರೆ ನಮ್ಮ ಕಡೆಯ ಕಷ್ಟ ಗೊತ್ತಲ್ಲ. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷವಾಗಿದ್ದರೂ ಖಾತೆ ಅಜ್ಜನ ಹೆಸರಲ್ಲೇ ಇರುತ್ತದೆ. ತೋಟ ನೋಡಿಕೊಳ್ಳುವವರು ಮೂವರು ಮೊಮ್ಮಕ್ಕಳು. ಚೀಟಿಯಲ್ಲಿ ಅಜ್ಜನ ಹೆಸರು ಬಂದರೆ ಯಾರನ್ನು ಕೇಳಿದಿರಿ? 'ಖಾತೆದಾರರು ಬದುಕಿಲ್ಲದಿದ್ದಲ್ಲಿ ಈಗ ತೋಟದ ಉಸ್ತುವಾರಿ ನೋಡುತ್ತಿರುವವರಲ್ಲಿ ಹಿರಿಯರನ್ನು ಮಾತನಾಡಿಸಿದೆ' ಅನ್ನುವ ಒಂದು ಸಾಲು ಇದ್ದರೆ ಸಾಕು. ಈ ಹುಡುಗಿ ನಿಜವಾಗಿಯೂ ತೋಟಕ್ಕೆ ಹೋಗಿ ಬಂದಿದ್ದಾಳೆ ಅಂತ ಪರೀಕ್ಷಕರಿಗೆ ಅಲ್ಲೇ ಗೊತ್ತಾಗುತ್ತದೆ.

ಅರವತ್ತೇ ಯಾಕೆ?

ವೈವಾದಲ್ಲಿ ಬಂದೇ ಬರುವ ಪ್ರಶ್ನೆ ಇದು. ಸ್ಯಾಂಪಲ್ ಎಷ್ಟಿರಬೇಕು ಅನ್ನುವುದಕ್ಕೆ ಕೆಲವು ಸೂತ್ರಗಳಿವೆ. ನಮ್ಮ ಕಾಲೇಜುಗಳಲ್ಲಿ ಹೆಚ್ಚು ಓಡಾಡುವುದು ತಾರೋ ಯಮಾನೆ ಸೂತ್ರ. ಉತ್ತರ ಶೇ. 5ರಷ್ಟು ಆಚೀಚೆ ಆದರೂ ಪರವಾಗಿಲ್ಲ ಅಂತ ಇಟ್ಟುಕೊಂಡರೆ, ಆ ಸೂತ್ರ 400 ಜನರಿರುವ ಕಡೆ 200 ಜನರನ್ನು ಕೇಳು ಅನ್ನುತ್ತದೆ. 1,200 ಇದ್ದರೆ 300. 10,000 ಇದ್ದರೆ 385. ಒಂದು ಲಕ್ಷ ಇದ್ದರೆ? 398 ಅಷ್ಟೇ. ಪಾತ್ರೆ ಎಷ್ಟೇ ದೊಡ್ಡದಾದರೂ ಚೆನ್ನಾಗಿ ಕಲಸಿದ್ದರೆ ರುಚಿ ನೋಡಲು ಒಂದೇ ಸೌಟು ಸಾಕಲ್ಲ, ಹಾಗೆ.

1,200ಕ್ಕೆ 300 ಬೇಕು, ಅವಳ ಕೈಲಾಗುವುದು 60. ಹಾಗಾದರೆ ಪ್ರಾಜೆಕ್ಟ್ ಬಿದ್ದುಹೋಯಿತಾ? ಇಲ್ಲ. 60 ಜನರನ್ನು ಚೀಟಿ ಎತ್ತಿ ಆರಿಸಿದರೆ ಉತ್ತರ ಸುಮಾರು ಶೇ. 13ರಷ್ಟು ಆಚೀಚೆ ಆಗಬಹುದು. ಶೇ. 40 ಅಂತ ಬಂದರೆ ನಿಜ ಸಂಗತಿ 27ರಿಂದ 53ರ ನಡುವೆ ಎಲ್ಲೋ ಇರಬಹುದು ಅಂತ ಅರ್ಥ. ಒಬ್ಬಳೇ, ಬಸ್ಸಿನಲ್ಲಿ, ಒಂದು ಸೆಮಿಸ್ಟರಿನಲ್ಲಿ ಮಾಡಿದ ಕೆಲಸಕ್ಕೆ ಇಷ್ಟು ಸಾಕು. 'ಸಮಯ, ಓಡಾಟದ ಖರ್ಚು ನೋಡಿ 60ಕ್ಕೆ ನಿಲ್ಲಿಸಿದೆ, ಹಾಗಾಗಿ ಅಂಕಿಗಳನ್ನು ಸ್ಥೂಲವಾಗಿ ಓದಿಕೊಳ್ಳಬೇಕು' ಅಂತ ಬರೆದರೆ ಯಾವ ಪರೀಕ್ಷಕರೂ ತಕರಾರು ಮಾಡುವುದಿಲ್ಲ. ಗುಣಾತ್ಮಕ ಅಧ್ಯಯನಕ್ಕೆ ಈ ಸೂತ್ರ ಬೇಕಾಗಿಲ್ಲ. ಅಲ್ಲಿ ಹೊಸ ಸಂಗತಿ ಸಿಗುವುದು ನಿಂತು, ಕೇಳಿದ್ದೇ ಮತ್ತೆ ಕೇಳಿಬರತೊಡಗಿದಾಗ ನಿಲ್ಲಿಸುತ್ತಾರೆ.

ಜಾಸ್ತಿ ಜನರನ್ನು ಕೇಳಿದ ಮಾತ್ರಕ್ಕೆ ಸರಿ ಉತ್ತರ ಸಿಗುತ್ತದೆ ಅಂತಲೂ ಇಲ್ಲ. ಇದಕ್ಕೆ ಹಳೆಯ ಸಾಕ್ಷಿ 1936ರ ಅಮೆರಿಕದ ಅಧ್ಯಕ್ಷ ಚುನಾವಣೆ. ಲಿಟರರಿ ಡೈಜೆಸ್ಟ್ ಅನ್ನುವ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಕಾಗದ ಕಳಿಸಿ ಯಾರಿಗೆ ವೋಟು ಅಂತ ಕೇಳಿತು. 23 ಲಕ್ಷಕ್ಕೂ ಜಾಸ್ತಿ ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಅಂತ ಪತ್ರಿಕೆ ಸಾರಿತು. ಗೆದ್ದಿದ್ದು ರೂಸ್‌ವೆಲ್ಟ್, 48ರಲ್ಲಿ 46 ರಾಜ್ಯಗಳಲ್ಲಿ. ಜಾರ್ಜ್ ಗ್ಯಾಲಪ್ ಅನ್ನುವವರು ಸುಮಾರು 50,000 ಜನರನ್ನು ಕೇಳಿ ರೂಸ್‌ವೆಲ್ಟ್ ಅಂತಲೇ ಹೇಳಿದ್ದರು. ಪತ್ರಿಕೆ ಎಡವಿದ್ದು ಪಟ್ಟಿಯಲ್ಲಿ. ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿ, ತನ್ನದೇ ಚಂದಾದಾರರು ಇವರೇ ಅದರ ಪಟ್ಟಿ. ಕಷ್ಟದ ಆ ಕಾಲದಲ್ಲಿ ಫೋನು, ಕಾರು ಇದ್ದವರು ಉಳ್ಳವರು. ಮೇಲಾಗಿ ಕಾಗದ ಬಂದವರಲ್ಲಿ ಉತ್ತರ ಕೊಟ್ಟವರು ನಾಲ್ಕರಲ್ಲಿ ಒಬ್ಬರಷ್ಟೇ.

ಈಗಿನ ಗೂಗಲ್ ಫಾರ್ಮ್ ನೆನಪಾಯಿತಾ? ಲಿಂಕನ್ನು ಸ್ಟೇಟಸ್‌ಗೆ ಹಾಕಿ ಒಂದೇ ದಿನದಲ್ಲಿ ನೂರು ಉತ್ತರ ತರಿಸಬಹುದು. ಆದರೆ ಕಳಸದ ಆಚೆ ಗುಡ್ಡದ ಮೇಲೆ ಹತ್ತಿದರೆ ಮಾತ್ರ ನೆಟ್‌ವರ್ಕ್ ಸಿಗುವ ಮನೆಯವರು, ಟೈಪ್ ಮಾಡಲು ಬೇಸರಪಡುವ ಅರವತ್ತು ದಾಟಿದವರು ಆ ನೂರರಲ್ಲಿ ಇರುವುದಿಲ್ಲ. ಕೊಯ್ಲಿನ ಕಷ್ಟ ನಿಜವಾಗಿ ಗೊತ್ತಿರುವುದು ಅವರಿಗೇ.

ಕೇಳುವ ರೀತಿ

ಉತ್ತರ ಕೊಡುವವರೇ ತುಂಬಿಸಿದರೆ ಪ್ರಶ್ನಾವಳಿ. ನೀವು ಓದಿ ಹೇಳಿ, ಅವರ ಉತ್ತರವನ್ನು ನೀವು ಬರೆದುಕೊಂಡರೆ ಸಂದರ್ಶನ ಅನುಸೂಚಿ. ನಮ್ಮ ಕಡೆ ಫೀಲ್ಡಿಗೆ ಹೋಗುವವರು ಮಾಡುವುದು ಹೆಚ್ಚಾಗಿ ಎರಡನೆಯದು. ಬರೆಯುವುದು ಮಾತ್ರ 'ಪ್ರಶ್ನಾವಳಿ' ಅಂತ.

ಅಕ್ಕನ ಮಗಳ ಪಟ್ಟಿಯಲ್ಲಿ ಒಂದು ಪ್ರಶ್ನೆ ಹೀಗಿತ್ತು: 'ಕೂಲಿಯಾಳುಗಳ ತೀವ್ರ ಕೊರತೆಯಿಂದ ನಿಮಗೆ ನಷ್ಟವಾಗುತ್ತಿದೆ ಅಲ್ಲವೇ?' ಉತ್ತರವನ್ನೂ ಅವಳೇ ಬಾಯಿಗೆ ಇಟ್ಟುಬಿಟ್ಟಿದ್ದಾಳೆ. ಇನ್ನೊಂದು: 'ನೀವು ಯಂತ್ರಗಳನ್ನು ಮತ್ತು ಹೊರರಾಜ್ಯದ ಕಾರ್ಮಿಕರನ್ನು ಬಳಸುತ್ತೀರಾ?' ಯಂತ್ರ ಇದೆ, ಹೊರಗಿನವರಿಲ್ಲ ಅನ್ನುವವನು ಹೌದು ಅನ್ನಬೇಕೋ ಇಲ್ಲ ಅನ್ನಬೇಕೋ? ಎರಡು ಪ್ರಶ್ನೆ ಮಾಡಿ ಅಂದೆ. 'ವಾರ್ಷಿಕ ಆದಾಯ ಎಷ್ಟು' ಅನ್ನುವುದಂತೂ ಕೇಳಲೇಬಾರದ ಪ್ರಶ್ನೆ. ಯಾರೂ ನಿಜ ಹೇಳುವುದಿಲ್ಲ, ಎಷ್ಟೋ ಜನಕ್ಕೆ ಗೊತ್ತೂ ಇರುವುದಿಲ್ಲ. ಕಳೆದ ಕೊಯ್ಲಿನಲ್ಲಿ ಎಷ್ಟು ಚೀಲ ಚೆರಿ ಆಯಿತು ಅಂತ ಕೇಳಿದರೆ ತಟ್ಟನೆ ಹೇಳುತ್ತಾರೆ. ಕಾಫಿ ಚೀಲ ಅಂದರೆ 50 ಕೆ.ಜಿ. ಲೆಕ್ಕ ನೀವೇ ಹಾಕಿಕೊಳ್ಳಬಹುದು.

'ಪೂರ್ತಿ ಒಪ್ಪುತ್ತೇನೆ' ಇಂದ 'ಸ್ವಲ್ಪವೂ ಒಪ್ಪುವುದಿಲ್ಲ' ತನಕ ಐದು ಮೆಟ್ಟಿಲ ಉತ್ತರ ಇರುತ್ತದಲ್ಲ, ಅದನ್ನು 1932ರಲ್ಲಿ ತಂದವರು ರೆನ್ಸಿಸ್ ಲೈಕರ್ಟ್. ಒಳ್ಳೆಯ ಉಪಕರಣವೇ. ಆದರೆ ಅಂಗಳದಲ್ಲಿ ಕಾಫಿ ಹರಡುತ್ತಿರುವ ಹಿರಿಯರ ಎದುರು ನಿಂತು 'ಒಪ್ಪುತ್ತೀರೋ, ಪೂರ್ತಿ ಒಪ್ಪುತ್ತೀರೋ' ಅಂತ ಇಪ್ಪತ್ತು ಸಲ ಕೇಳಿದರೆ ಆರನೇ ಪ್ರಶ್ನೆಗೆ ಅವರು "ಎಲ್ಲದಕ್ಕೂ ಒಪ್ತೀನಿ ಅಂತ ಬರ್ಕೋ ಮಗ" ಅಂದುಬಿಡುತ್ತಾರೆ.

ಯಾವಾಗ ಹೋದಿರಿ, ಎಲ್ಲಿ ಕೂತು ಕೇಳಿದಿರಿ ಅನ್ನುವುದೂ ಅಧ್ಯಾಯದಲ್ಲಿ ಇರಬೇಕು. ಅರೇಬಿಕಾ ಕೊಯ್ಲು ಹೆಚ್ಚುಕಡಿಮೆ ನವೆಂಬರಿನಿಂದ ಜನವರಿ, ರೋಬಸ್ಟಾ ಅದರ ಹಿಂದೆಯೇ. ಆಗ ಹಗಲಲ್ಲಿ ಯಾರೂ ಸಿಗುವುದಿಲ್ಲ. ಮಳೆಗಾಲದಲ್ಲಿ ಸಿಗುತ್ತಾರೆ, ಆದರೆ ಕೊಯ್ಲಿನ ನೆನಪು ಮಸುಕಾಗಿರುತ್ತದೆ. ಕೆಲಸದವರನ್ನು ಮಾತಾಡಿಸುವುದಾದರೆ ಇನ್ನೂ ಸೂಕ್ಷ್ಮ. ತೋಟದ ಲೆಕ್ಕ ನೋಡುವ ರೈಟರ್ ಪಕ್ಕದಲ್ಲಿ ನಿಂತಿದ್ದರೆ 'ಕೂಲಿ ಸರಿಯಾಗಿ ಸಿಗುತ್ತಾ' ಅನ್ನುವ ಪ್ರಶ್ನೆಗೆ ಒಂದೇ ಉತ್ತರ ಬರುತ್ತದೆ. ಸಂಜೆ ಅವರು ಇರುವ ಲೈನ್ ಮನೆಯ ಹತ್ತಿರ ಕೇಳಿದರೆ ಬೇರೆ ಉತ್ತರ. ಅವರು ತಮಿಳಿನವರೋ ಅಸ್ಸಾಮಿನವರೋ ಆಗಿದ್ದರೆ ಯಾವ ಭಾಷೆಯಲ್ಲಿ ಕೇಳಿದಿರಿ, ಮಧ್ಯೆ ಮಾತು ದಾಟಿಸಿದವರು ಯಾರು ಅಂತಲೂ ಬರೆಯಿರಿ. ಮೇಸ್ತ್ರಿಯೇ ದಾಟಿಸಿದ್ದರೆ ಅದು ಓದುವವರಿಗೆ ಗೊತ್ತಾಗಬೇಕಲ್ವಾ?

ಇದೆಲ್ಲ ಮೊದಲೇ ಹೊಳೆಯುವುದಿಲ್ಲ. ಅದಕ್ಕೇ ಐದಾರು ಜನರ ಮೇಲೆ ಪ್ರಯೋಗ ಮಾಡಿ ನೋಡುವುದು, ಅದು ಪೈಲಟ್ ಸಮೀಕ್ಷೆ. ಭಾರತದಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದವರು ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್. 1930ರ ದಶಕದ ಕೊನೆಯಲ್ಲಿ ಬಂಗಾಳದ ಸೆಣಬಿನ ಬೆಳೆ ಅಂದಾಜು ಮಾಡುವಾಗ ಮೊದಲು ಸಣ್ಣ ಜಾಗದಲ್ಲಿ ಮಾಡಿ, ತಪ್ಪು ಹುಡುಕಿ, ಆಮೇಲೆ ದೊಡ್ಡದು ಮಾಡಿದರು. ಪೈಲಟ್ ಆದಮೇಲೆ ಯಾವ ಪ್ರಶ್ನೆ ತೆಗೆದಿರಿ, ಯಾವುದನ್ನು ತಿದ್ದಿದಿರಿ ಅಂತ ಎರಡು ಸಾಲು ಸೇರಿಸಿ.

ಎರಡು ಕೆ.ಜಿ. ಕಡಿಮೆ ತೋರಿಸುವ ತಕ್ಕಡಿ

'ವಿಶ್ವಾಸಾರ್ಹತೆ', 'ಸಿಂಧುತ್ವ' ಅಂತ ಎರಡು ಪದ ಬರುತ್ತವೆ. ಹಣ್ಣು ತೂಗುವ ತಕ್ಕಡಿ ನೆನೆಸಿಕೊಳ್ಳಿ. ಒಂದೇ ಚೀಲವನ್ನು ಮೂರು ಸಲ ತೂಗಿದಾಗ 48, 48, 48 ಬಂದರೆ ತಕ್ಕಡಿ ವಿಶ್ವಾಸಾರ್ಹ. ಆದರೆ ಚೀಲದಲ್ಲಿ ಇರುವುದು 50 ಕೆ.ಜಿ. ಆಗಿದ್ದರೆ? ತಕ್ಕಡಿಯ ಮಾತು ಬದಲಾಗುವುದಿಲ್ಲ ನಿಜ, ಆದರೆ ಹೇಳುವುದು ಸುಳ್ಳು. ಸಿಂಧುತ್ವ ಇಲ್ಲ. ಕೆ.ಜಿ. ಲೆಕ್ಕದಲ್ಲಿ ಕೂಲಿ ಪಡೆಯುವ ಹೆಂಗಸಿಗೆ ಈ ವ್ಯತ್ಯಾಸ ಪುಸ್ತಕ ಓದದೆಯೂ ಗೊತ್ತು. ಲೈಕರ್ಟ್ ಥರದ ಪ್ರಶ್ನೆಗಳ ಗುಂಪು ಒಂದಕ್ಕೊಂದು ಹೊಂದುತ್ತದಾ ಅಂತ ನೋಡಲು ಕ್ರಾನ್‌ಬ್ಯಾಕ್ ಆಲ್ಫಾ ಅನ್ನುವ ಅಂಕಿ ತೆಗೆಯುತ್ತಾರೆ. 0.7 ದಾಟಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಅದು ನೋಡುವುದು ವಿಶ್ವಾಸಾರ್ಹತೆಯನ್ನು ಮಾತ್ರ.

ಅಂಕಿಗಳನ್ನು ಏನು ಮಾಡಿದಿರಿ?

'ಸೂಕ್ತ ಸಂಖ್ಯಾಶಾಸ್ತ್ರೀಯ ತಂತ್ರಗಳನ್ನು ಬಳಸಲಾಗಿದೆ' ಅಂತ ಬರೆಯಬೇಡಿ. ಯಾವ ತಂತ್ರ, ಯಾವುದಕ್ಕೆ ಅಂತ ಹೇಳಿ. ಕೈವರ್ಗ ಪರೀಕ್ಷೆಯನ್ನೇ, ಅಂದರೆ ಕೈ-ಸ್ಕ್ವೇರ್ ಟೆಸ್ಟನ್ನೇ, ತೆಗೆದುಕೊಳ್ಳಿ. 60 ಜನರಲ್ಲಿ 24 ಜನ ಮನೆಯವರನ್ನೇ ಕೊಯ್ಲಿಗೆ ಇಳಿಸಿದ್ದಾರೆ, ಅಂದರೆ ಶೇ. 40. ತೋಟದ ಅಳತೆಗೂ ಇದಕ್ಕೂ ಸಂಬಂಧ ಇಲ್ಲದಿದ್ದರೆ ಎರಡೂ ಗುಂಪಿನಲ್ಲಿ ಶೇ. 40ರಷ್ಟೇ ಇರಬೇಕು: ಸಣ್ಣ ತೋಟದ 45 ಜನರಲ್ಲಿ 18, ದೊಡ್ಡ ತೋಟದ 15 ಜನರಲ್ಲಿ 6. ಎಣಿಸಿದಾಗ ಸಿಕ್ಕಿದ್ದು 22 ಮತ್ತು 2. ಈ ವ್ಯತ್ಯಾಸ ಸುಮ್ನೆ ಚೀಟಿಯ ಆಟದಿಂದ ಬಂದಿರಬಹುದಾ? ಪರೀಕ್ಷೆ ಅಳೆಯುವುದು ಅದನ್ನು. ಇಲ್ಲಿ ಲೆಕ್ಕ ಸುಮಾರು 5.9 ಬರುತ್ತದೆ. ಇಂಥ ಎರಡಕ್ಕೆರಡು ಕೋಷ್ಟಕಕ್ಕೆ ಗಡಿ 3.84. ಗಡಿ ದಾಟಿದೆ, ಹಾಗಾಗಿ ಬರೀ ಆಕಸ್ಮಿಕ ಅನ್ನುವುದು ಕಷ್ಟ. ಈ ಫಲಿತಾಂಶ ಬರುವುದು ಮುಂದಿನ ಅಧ್ಯಾಯದಲ್ಲಿ. ಇಲ್ಲಿ 'ತೋಟದ ಅಳತೆಗೂ ಮನೆಯವರ ದುಡಿಮೆಗೂ ಸಂಬಂಧ ಇದೆಯಾ ಎಂದು ನೋಡಲು ಕೈವರ್ಗ ಪರೀಕ್ಷೆ ಮಾಡಿದೆ' ಅಂದರೆ ಸಾಕು.

ಪ್ರಶ್ನಾವಳಿಯೇ ಇಲ್ಲದವರು

ಇತಿಹಾಸ, ಕನ್ನಡ ಓದುವವರು 'ನಮಗೆ ಸ್ಯಾಂಪಲ್ ಇಲ್ಲ, ಈ ಅಧ್ಯಾಯಕ್ಕೆ ಏನು ಬರೆಯೋದು' ಅಂತ ಕೇಳುತ್ತಾರೆ. ಅವರಿಗೂ ವಿಧಾನ ಇದೆ. ಹಾಸನ ಜಿಲ್ಲೆಯ ಹಲ್ಮಿಡಿ ಶಾಸನವನ್ನೇ ನೋಡಿ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದರು. ಸುಮಾರು ಕ್ರಿ.ಶ. 450ರದು ಅಂತ ನಾವೆಲ್ಲ ಓದಿದ್ದೇವೆ. ಆದರೆ ಕಲ್ಲಿನ ಮೇಲೆ ಇಸವಿ ಇಲ್ಲ. ಲಿಪಿಯ ರೂಪ, ಭಾಷೆ, ಅದರಲ್ಲಿ ಬರುವ ಕದಂಬರ ಕಾಕುಸ್ಥನ ಹೆಸರು ಇಂಥವನ್ನು ಹಿಡಿದು ಕಾಲ ಕಟ್ಟಿದ್ದಾರೆ. ಬೇರೆ ಕಾಲ ಹೇಳುವ ವಿದ್ವಾಂಸರೂ ಇದ್ದಾರೆ. ಯಾವುದನ್ನು ಸಾಕ್ಷಿ ಅಂತ ತೆಗೆದುಕೊಂಡಿರಿ, ಅದನ್ನು ಹೇಗೆ ಓದಿದಿರಿ ಅನ್ನುವುದೇ ಇವರ ಮೆಥಡಾಲಜಿ.

ಆವೃತ್ತಿ ಹೇಳುವುದೂ ಅದರಲ್ಲೇ ಸೇರಿದೆ. ಬಿ.ಎಲ್. ರೈಸ್ ಹೊರತಂದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ 5ನೇ ಸಂಪುಟ ಹಾಸನ ಜಿಲ್ಲೆಯದು, 1902ರಲ್ಲಿ ಬಂತು. 6ನೆಯದು ಆಗಿನ ಕಡೂರು ಜಿಲ್ಲೆಯದು, ಅಂದರೆ ಈಗಿನ ಚಿಕ್ಕಮಗಳೂರಿನದು. ಆಮೇಲೆ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿ ತಂದಾಗ ಸಂಪುಟಗಳ ಸಂಖ್ಯೆಯೇ ಬದಲಾಯಿತು. ಯಾವ ಆವೃತ್ತಿ ಅಂತ ಹೇಳದೆ ಬರೀ '5ನೇ ಸಂಪುಟ' ಅಂದರೆ ಓದುವವರು ಯಾವ ಪುಸ್ತಕ ತೆಗೆಯಬೇಕು?

ಒಪ್ಪಿಗೆ, ಹೆಸರು, ನಕಲು

ಕೇಳುವ ಮೊದಲು ಯಾಕೆ ಕೇಳುತ್ತಿದ್ದೇನೆ ಅಂತ ಹೇಳಿ ಒಪ್ಪಿಗೆ ಪಡೆಯಬೇಕು. ಹದಿನೆಂಟು ತುಂಬದ ಮಕ್ಕಳಾದರೆ ತಂದೆ ತಾಯಿಯ ಒಪ್ಪಿಗೆಯೂ ಬೇಕು. ಹೆಸರು ಬರೆಯದೆ 'ಬೆಳೆಗಾರ 17' ಅಂತ ಬರೆದರೆ ಒಳ್ಳೆಯದು. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಉಳಿದು ಅಧ್ಯಯನ ಮಾಡಿದರು. ಅದಕ್ಕೆ 'ರಾಂಪುರ' ಅಂತ ಬೇರೆ ಹೆಸರು ಕೊಟ್ಟೇ ಬರೆದರು. ಅವರದೇ ಇನ್ನೊಂದು ಸಂಗತಿ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರಿದ್ದ ಕಟ್ಟಡಕ್ಕೆ ಯಾರೋ ಬೆಂಕಿ ಇಟ್ಟರು. ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿ ಒಂದೇ ಕಡೆ ಇದ್ದವು, ಮೂರೂ ಸುಟ್ಟುಹೋದವು. ಕೊನೆಗೆ ಹೆಚ್ಚಾಗಿ ನೆನಪಿನಿಂದಲೇ ಪುಸ್ತಕ ಬರೆದರು. ನಾವು ಶ್ರೀನಿವಾಸ್ ಅಲ್ಲ. ಹಾಳೆಗಳ ಫೋಟೋ ತೆಗೆದು ಇನ್ನೊಂದು ಕಡೆ ಇಡೋಣ.

ನಕಲಿನ ವಿಷಯ. ಯುಜಿಸಿಯ 2018ರ ನಿಯಮದ ಪ್ರಕಾರ ಪ್ರಬಂಧದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡ ಇಲ್ಲ. ಅದು ದಾಟಿ 40ರವರೆಗೆ ಇದ್ದರೆ ಆರು ತಿಂಗಳ ಒಳಗಿನ ಗಡುವಿನಲ್ಲಿ ತಿದ್ದಿ ಮತ್ತೆ ಕೊಡಬೇಕು. 60 ದಾಟಿದರೆ ನೋಂದಣಿಯೇ ರದ್ದಾಗುತ್ತದೆ. ಈ ಹೋಲಿಕೆ ಹೆಚ್ಚು ಸಿಗುವ ಜಾಗ ಯಾವುದು ಅಂತ ಈಗ ಊಹಿಸಬಹುದು. 'ಸಂಶೋಧನೆ ಎಂದರೇನು' ಅನ್ನುವ ನಾಲ್ಕು ಪುಟ ಎಲ್ಲರಲ್ಲೂ ಒಂದೇ ಆಗಿರುತ್ತದಲ್ಲ.

ಬರೆದಾಗ ಹೇಗಿರುತ್ತದೆ?

ಅವಳು ಮೊದಲು ಬರೆದದ್ದು ಹೀಗಿತ್ತು: 'ಪ್ರಸ್ತುತ ಅಧ್ಯಯನಕ್ಕೆ ಪ್ರಾಥಮಿಕ ಹಾಗೂ ದ್ವಿತೀಯಕ ಮೂಲಗಳಿಂದ ಮಾಹಿತಿಯನ್ನು ಸಂಗ್ರಹಿಸಲಾಗುವುದು. ಯಾದೃಚ್ಛಿಕ ಮಾದರಿ ವಿಧಾನದ ಮೂಲಕ 60 ಪ್ರತಿವಾದಿಗಳನ್ನು ಆಯ್ಕೆ ಮಾಡಲಾಗುವುದು.'

'ಪ್ರತಿವಾದಿ' ಕೋರ್ಟಿನಲ್ಲಿ ಇರುವವನು. ಇವರು ಮಾಹಿತಿದಾರರು. 'ಮಾಡಲಾಗುವುದು' ಸಿನಾಪ್ಸಿಸ್‌ನ ಭಾಷೆ, ಕೆಲಸ ಶುರುವಾಗುವ ಮೊದಲಿನದು. ಮುಗಿದ ಕೆಲಸಕ್ಕೆ 'ಮಾಡಿದೆ' ಅಥವಾ 'ಮಾಡಲಾಯಿತು' ಬೇಕು. ಎರಡರಲ್ಲಿ ಯಾವುದು ಅನ್ನುವುದನ್ನು ಗೈಡ್‌ಗೆ ಬಿಡಿ. ನನಗೆ 'ಮಾಡಿದೆ' ಇಷ್ಟ, ಮಾಡಿದವರು ಯಾರು ಅಂತ ಗೊತ್ತಾಗುತ್ತದೆ.

ಇಬ್ಬರೂ ಕೂತು ತಿದ್ದಿದ ಮೇಲೆ ಅದು ಹೀಗಾಯಿತು: 'ಬೆಳೆಗಾರರ ಸಂಘದಿಂದ ಪಡೆದ 1,200 ಹೆಸರುಗಳ ಪಟ್ಟಿಯನ್ನು ತೋಟದ ಅಳತೆಯ ಮೇಲೆ ಎರಡು ಗುಂಪು ಮಾಡಿ, ಚೀಟಿ ಎತ್ತಿ 60 ಜನರನ್ನು ಆರಿಸಿದೆ. ಇವರಲ್ಲಿ ನಾಲ್ವರು ಊರಲ್ಲಿ ಇರಲಿಲ್ಲ. ಅವರ ಬದಲು ಅದೇ ಗುಂಪಿನಿಂದ ಮತ್ತೆ ನಾಲ್ಕು ಚೀಟಿ ಎತ್ತಿದೆ. ಕೊಯ್ಲು ನಡೆಯುತ್ತಿದ್ದುದರಿಂದ ಎಲ್ಲರನ್ನೂ ಸಂಜೆ 6ರ ಮೇಲೆ ಮನೆಯಲ್ಲೇ ಮಾತನಾಡಿಸಿದೆ. ಮನೆಯ ಹೆಂಗಸರು ಅಡುಗೆ ಕೆಲಸದಲ್ಲಿದ್ದ ಹೊತ್ತಾದ್ದರಿಂದ ಉತ್ತರಗಳು ಹೆಚ್ಚಾಗಿ ಗಂಡಸರವು. ಇದು ಈ ಅಧ್ಯಯನದ ಮಿತಿ.'

ಆ ಕೊನೆಯ ಎರಡು ವಾಕ್ಯ ಅವಳದೇ. ಮಿತಿ ಅಂದರೆ 'ಸಮಯದ ಅಭಾವ' ಅಂತ ಎಲ್ಲರೂ ಬರೆಯುತ್ತಾರೆ. ಯಾರ ಮಾತು ಕೇಳಿಸಲಿಲ್ಲ ಅಂತ ಬರೆಯುವವರು ಕಡಿಮೆ.

ಇದೆಲ್ಲ ಹೇಗೆ ನೆನಪಿಟ್ಟುಕೊಂಡೆ ಅಂತ ಕೇಳಿದೆ. ಬ್ಯಾಗಿನಿಂದ ಒಂದು ನೂರು ಪುಟದ ನೋಟ್‌ಬುಕ್ ತೆಗೆದಳು. ಹೋದ ದಿನವೆಲ್ಲ ಬಸ್ಸಿನಲ್ಲಿ ಕೂತು ಬರೆದಿದ್ದಾಳೆ, ಅಕ್ಷರ ಸೊಟ್ಟಗಿದೆ. ಹನ್ನೊಂದು ಪುಟಕ್ಕೆ ಬೇಕಾದ್ದೆಲ್ಲ ಅದರಲ್ಲೇ ಇತ್ತು, ಕಬ್ಬಿನ ತೋಟಕ್ಕೆ ಹೋಗುವ ಅಗತ್ಯವೇ ಇರಲಿಲ್ಲ. ಡಿಸೆಂಬರ್ 14ರ ಪುಟದಲ್ಲಿ ಹೀಗಿತ್ತು: 'ಚೀಟಿ 31. ಎರಡನೇ ಸಲ ಬಂದೆ. ಮನೆಯಲ್ಲಿ ಯಾರೂ ಇಲ್ಲ. ನಾಯಿ ಇದೆ. ಪಕ್ಕದ ಮನೆಯವರು ಹೇಳಿದ್ದು, ಎಲ್ಲರೂ ತೋಟದಲ್ಲಿ, ಸೊಸೆ ಕೂಡ. ನಾಳೆ ಏಳಕ್ಕೆ.'